ಯಂತ್ರದ ಅಜೀರ್ಣ

ಹಸಿದು ಕೆಟ್ಟವರ ಕತೆಗಳನ್ನು ನಾವು ಬಹಳ ಕೇಳಿದ್ದೇವೆ. ಉಂಡು ಕೆಟ್ಟವರ ಕತೆ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಆದರೆ 'ಲಂಘನಂ ಪರಮೌಷಧಂ' ಎಂದ ನಮ್ಮ ಹಿರಿಯ ವೈದ್ಯರಿಗೆ ಈ ಎರಡನೆಯ ಜಾತಿಯ ರೋಗಿಗಳ ಪರಿಚಯವೇ ಹೆಚ್ಚಾಗಿದ್ದಿರಬೇಕು. ಜ್ವರ ಬಂದ ಮೊಮ್ಮಗನ ಬಾಯಿಗೆ ಹೋಳಿಗೆ ಇಡುವ ಅಜ್ಜಿಯ ಅಂತಃಕರಣ ದೊಡ್ಡದೇ ಸರಿ; ಅದರಿಂದ ಜ್ವರ ಮಾತ್ರ ಇಳಿಯುವುದಿಲ್ಲ. ಮನುಷ್ಯನ ಹೊಟ್ಟೆಗೆ ಸಲ್ಲುವ ಈ ಮಾತು ಪೆಟ್ರೋಲು ಕುಡಿದು ಬದುಕುವ ಯಂತ್ರಕ್ಕೂ ಹಾಗೆಯೇ ಸಲ್ಲುತ್ತದೆಂಬುದನ್ನು ಈ ವಾರ ವಾಚಕರ ಮುಂದಿಡಬೇಕೆಂದಿದ್ದೇನೆ. ಕನ್ನಡ ಕಲಿಸುವವನಿಗೆ ಎಂಜಿನಿನ ಉಸಾಬರಿ ಏಕೆಂದು ಕೇಳುವವರುಂಟು. ಬೆಳಗಾಗೆದ್ದು ಕಾಲೇಜು ಮುಟ್ಟಬೇಕಾದವನಿಗೆ ಪಂಪನೂ ಬೇಕು, ಪೆಟ್ರೋಲು ಪಂಪೂ ಬೇಕು ಎಂಬುದೇ ಅದಕ್ಕೆ ಉತ್ತರ.

ವಿಜಯಪುರವನ್ನು ಬಿಸಿಲ ನಾಡೆಂದು ಕರೆಯುವವರು ಎಳ್ಳಮಾವಾಸ್ಯೆಯ ಸುಮಾರಿಗೆ ಒಂದು ರಾತ್ರಿ ಇಲ್ಲಿ ಮಲಗಿ ಏಳಬೇಕು. ಬಯಲ ಮೇಲಿಂದ ಬೀಸುವ ಗಾಳಿಗೆ ಕಲ್ಲಿನ ಗೋಡೆಗಳು ಕೊರೆಯುತ್ತಿರುತ್ತವೆ. ಆ ದಿನಗಳಲ್ಲಿ ನಮ್ಮ ಜೋರಾಪುರ ಪೇಟೆಯ ಓಣಿಗಳಲ್ಲಿ ಹಾಲಿನವನ ಕೂಗಿಗಿಂತ ಮೊದಲು ಕೇಳಿಸುವುದು ಹಳೆಯ ಸ್ಕೂಟರುಗಳಿಗೆ ಬೀಳುವ ಒದೆತದ ಸದ್ದು. ಮೊದಲ ಹತ್ತು ಒದೆತಗಳಲ್ಲಿ ಆತ್ಮವಿಶ್ವಾಸವಿರುತ್ತದೆ. ಮುಂದಿನ ಹತ್ತರಲ್ಲಿ ಸಿಟ್ಟು. ಅದರ ಮುಂದಿನ ಹತ್ತರಲ್ಲಿ ದೈವಭಕ್ತಿ. ಅಷ್ಟು ಹೊತ್ತಿಗೆ ಪೆಟ್ರೋಲಿನ ವಾಸನೆ ಓಣಿಯನ್ನೆಲ್ಲ ತುಂಬಿ, ಕಟ್ಟೆಯ ಮೇಲೆ ಹಲ್ಲುಜ್ಜುತ್ತ ಕುಳಿತ ಹಿರಿಯರೊಬ್ಬರು ತೀರ್ಪು ಕೊಡುತ್ತಾರೆ: "ಓವರ್ ಆಗೇತಿ, ಬಿಡ್ರಿ." ಓವರ್‌ಫ್ಲೋ ಎಂಬ ಇಂಗ್ಲಿಷ್ ಶಬ್ದ ನಮ್ಮ ಪೇಟೆಯ ಬಾಯಲ್ಲಿ ಸವೆದು 'ಓವರ್' ಆಗಿದೆ. ಒಳ್ಳೆಯ ತದ್ಭವ. ಆದರೆ ಶಬ್ದ ಸವೆದಂತೆ ಅದರ ಅರ್ಥವೂ ಸವೆದುಹೋಗಿ, 'ಓವರ್' ಎಂದರೆ 'ಮುಗಿಯಿತು' ಎಂದು ತಿಳಿದುಕೊಂಡವರು ಹಲವರಿದ್ದಾರೆ. ಆ ತಪ್ಪು ತಿಳಿವಳಿಕೆಯ ಬೆಲೆ ಚಿಕ್ಕದಲ್ಲ.

ನಮ್ಮ ಓಣಿಯ ಒಂದು ಮನೆಯ ಸಂಗತಿಯನ್ನೇ ಹೇಳುತ್ತೇನೆ. ಯಜಮಾನರು ತೀರಿಕೊಂಡು ಕೆಲವು ವರ್ಷಗಳಾದವು. ಅವರು ಬಿಟ್ಟುಹೋದ ಹಳೆಯ ಸ್ಕೂಟರಿನ ಮೇಲೆ ಮಗ ದಿನವೂ ಸುಮಾರು ಇಪ್ಪತ್ತು ಕಿಲೋಮೀಟರು ದೂರದ ತಿಕೋಟಾಕ್ಕೆ ಹೋಗಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ರಾತ್ರಿ ಗಾಡಿ ಅಂಗಳದಲ್ಲಿ ನಿಲ್ಲುತ್ತದೆ. ಬೆಳಗಿನ ಜಾವ ತಾಯಿ ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿ ಹಾಕಬೇಕು. ಅದಕ್ಕಾಗಿ ಗಾಡಿಯನ್ನು ಸರಿಸಬೇಕು. ಬಾಗಿಲ ಮುಂದಿನ ಏರಿಗೆ ಅದನ್ನು ನೂಕುವುದು ಕಷ್ಟವೆಂದು ಹುಡುಗ ಚೋಕು ಎಳೆದು ಶುರು ಮಾಡಿ, ಹತ್ತು ಮಾರು ನಡೆಸಿ, ಓಣಿಯ ತುದಿಯಲ್ಲಿ ನಿಲ್ಲಿಸಿ, ಕೂಡಲೇ ಆರಿಸಿಬಿಡುತ್ತಿದ್ದ. ಚಳಿಗಾಲ ಬಂದ ಮೇಲೆ ಒಂದು ದಿನ ಗಾಡಿ ಏಳಲೇ ಇಲ್ಲ. ಒದ್ದದ್ದಾಯಿತು, ಓಡಿಸಿ ನೂಕಿದ್ದಾಯಿತು. ಗ್ಯಾರೇಜೊಂದಕ್ಕೆ ತಳ್ಳಿಕೊಂಡು ಹೋದರೆ ಅಲ್ಲಿಯ ತರುಣ ನಾಲ್ಕು ಸಲ ಒದ್ದು, ಎಂಜಿನು ಹೋಗಿದೆಯೆಂದೂ ಬೋರು ಹೊಡೆಸಿ ಹೊಸ ಪಿಸ್ಟನ್ ಹಾಕಬೇಕೆಂದೂ ಹೇಳಿ, ತಾಯಿಯ ಒಂದು ತಿಂಗಳ ಪಿಂಚಣಿಗೆ ಸಮನಾದ ಮೊತ್ತವನ್ನು ಚೀಟಿಯ ಮೇಲೆ ಬರೆದುಕೊಟ್ಟ. ಗುಜರಿಯವನಿಗೆ ಹೇಳಿ ಕಳಿಸುವ ಮಾತಾಯಿತು. ಅಷ್ಟರಲ್ಲಿ ತಾಯಿ, ಕೆಲಸ ಬಿಟ್ಟು ಮನೆಯಲ್ಲಿದ್ದ ಮುದುಕ ಮಿಸ್ತ್ರಿಯೊಬ್ಬನನ್ನು ಕರೆಸಿದರು.

"ಕಾಕಾ, ನಮ್ಮ ಮನ್ಯಾವರ ಗಾಡಿ ಇದು. ಕೊಡಾಕ ಮನಸ ಒಪ್ಪವಲ್ದು. ಒಮ್ಮೆ ನೋಡ್ರಿ" ಎಂದರು.

ಮಿಸ್ತ್ರಿ ಮೂಗಿನಿಂದಲೇ ಪರೀಕ್ಷೆ ಮುಗಿಸಿದ. "ಇದರ ಜೀವ ಹೋಗಿಲ್ಲವ್ವಾ, ಹೊಟ್ಟಿ ತುಂಬಿ ಕುಂತೈತಿ. ನಿನ್ನ ಮಗ ದಿನಾ ಇದನ್ನ ಉಣ್ಣಾಕ ಕೂಡಸ್ತಾನ, ದುಡಿಯಾಕ ಬಿಡಂಗಿಲ್ಲ. ಒಂದ ತಾಸು ಉಪಾಸ ಕೆಡವೋಣು."

ಪೆಟ್ರೋಲಿನ ತೋಟಿ ಬಂದ್ ಮಾಡಿ, ಪ್ಲಗ್ಗು ಬಿಚ್ಚಿ ದೂರವಿಟ್ಟು, ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿ ಹಿಡಿದು ಹತ್ತು ಹನ್ನೆರಡು ಸಲ ಒದ್ದ. ಒಳಗೆ ತುಂಬಿದ್ದ ಪೆಟ್ರೋಲು ತುಂತುರಾಗಿ ಹೊರಬಿತ್ತು. ಪ್ಲಗ್ಗನ್ನು ಒರೆಸಿ ಒಣಗಿಸಿ ಬಿಸಿಲಿಗಿಟ್ಟ. ಒಂದು ತಾಸಿನ ಮೇಲೆ ಅದನ್ನು ಕೂರಿಸಿ, ಚೋಕು ಮುಟ್ಟದೆ ಒದ್ದಾಗ ಮೂರನೆಯ ಒದೆತಕ್ಕೆ ಗಾಡಿ ಓಣಿ ತುಂಬ ಬಿಳಿಯ ಹೊಗೆ ಬಿಟ್ಟು ಎದ್ದು ನಿಂತಿತು. ಮಿಸ್ತ್ರಿ ತೆಗೆದುಕೊಂಡದ್ದು ಒಂದು ಕಪ್ಪು ಚಹಾ.

ಈ ಚಿಕಿತ್ಸೆಯ ಹಿಂದಿನ ಶಾಸ್ತ್ರ ಬಹಳ ಸರಳ. ನಮ್ಮೂರಿನ ಶೇರ್ಜಾ ಬುರುಜಿನ ಮೇಲೆ ಮಲಗಿರುವ ಮಲಿಕ್-ಎ-ಮೈದಾನ್ ತೋಪನ್ನು ನೋಡದ ವಿಜಯಪುರದವರಿಲ್ಲ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಈ ತೋಪು ಒಂದರ್ಥದಲ್ಲಿ ಎಲ್ಲ ಎಂಜಿನುಗಳ ಮುತ್ತಜ್ಜ. ಒಂದು ಕೊಳವೆ, ಅದರೊಳಗೆ ಒಂದು ಸ್ಫೋಟ, ಸ್ಫೋಟದ ರಭಸಕ್ಕೆ ಮುಂದೆ ನುಗ್ಗುವ ಗುಂಡು. ಗುಂಡನ್ನು ಹೊರಗೆ ಹಾರಗೊಡದೆ, ಅತ್ತಿತ್ತ ಓಡಾಡುವ ಪಿಸ್ಟನ್ನಾಗಿ ಕಟ್ಟಿಹಾಕಿದರೆ ಎಂಜಿನಾಗುತ್ತದೆ. ತೋಪಿನ ಮದ್ದು ನೆನೆದಿದ್ದರೆ ಯಾವ ಶೂರನ ಕೈಯಲ್ಲಿಯೂ ಅದು ಹಾರುವುದಿಲ್ಲ. ಎಂಜಿನಿನ ಮದ್ದು ನೆನೆಯುವುದು ನೀರಿನಿಂದಲ್ಲ, ಮದ್ದಿನಿಂದಲೇ ಎಂಬುದಷ್ಟೇ ವ್ಯತ್ಯಾಸ.

ಪೆಟ್ರೋಲು ದ್ರವರೂಪದಲ್ಲಿ ಉರಿಯುವುದಿಲ್ಲ. ಉರಿಯುವುದು ಅದರ ಆವಿ. ಆ ಆವಿಯೂ ಗಾಳಿಯೊಡನೆ ಹದವಾಗಿ ಬೆರೆತಿರಬೇಕು. ತೂಕದಲ್ಲಿ ಒಂದು ಭಾಗ ಪೆಟ್ರೋಲಿಗೆ ಸುಮಾರು ಹದಿನೈದು ಭಾಗ ಗಾಳಿ ಬೇಕೆಂದು ಲೆಕ್ಕ. ನಾವು ಹಣ ಕೊಟ್ಟು ಕೊಳ್ಳುವ ಒಂದು ಲೀಟರು ಪೆಟ್ರೋಲಿಗೆ ಎಂಜಿನು ಪುಕ್ಕಟೆಯಾಗಿ ಸುಮಾರು ಒಂಬತ್ತು ಸಾವಿರ ಲೀಟರು ಗಾಳಿಯನ್ನು ಸೇವಿಸುತ್ತದೆ! ಆವಿಯ ಪ್ರಮಾಣ ಕಡಿಮೆಯಾದರೆ ಕಿಡಿ ಹತ್ತದು. ಗಾಳಿಯಲ್ಲಿ ಅದು ನೂರಕ್ಕೆ ಏಳೆಂಟು ಪಾಲು ಮೀರಿದರೂ ಹತ್ತದು. ಚಳಿಯಲ್ಲಿ ಪೆಟ್ರೋಲು ಆವಿಯಾಗಲು ಸೋಮಾರಿತನ ಮಾಡುತ್ತದೆ. ಹತ್ತು ಹನಿ ಒಳಗೆ ಹೋದರೆ ಎರಡು ಹನಿ ಆವಿಯಾಗಿ, ಉಳಿದವು ಗೋಡೆಗೆ ಅಂಟಿ ಕೂರುತ್ತವೆ. ಆದುದರಿಂದಲೇ ತಣ್ಣಗಿನ ಎಂಜಿನಿಗೆ ಮೊದಲಲ್ಲಿ ಹೆಚ್ಚು ಪೆಟ್ರೋಲು ಕೊಡಬೇಕಾಗುತ್ತದೆ. ಚೋಕಿನ ಕೆಲಸ ಇದೇ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಮೋಟಾರು ಸೈಕಲ್ಲುಗಳನ್ನು ಬಲ್ಲ ಹಿರಿಯರಿಗೆ ಇದು ಹೊಸ ಮಾತಲ್ಲ. 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಗಾಡಿಗಳನ್ನು ನಾಡಿಗೆ ಕೊಟ್ಟ ಕಾರ್ಖಾನೆ ಅದು. ಹಳೆಯ ಜಾವಾದ ಕಾರ್ಬ್ಯುರೇಟರಿನ ಮೇಲೆ ಒಂದು ಪುಟ್ಟ ಗುಂಡಿ ಇರುತ್ತಿತ್ತು. ಚಳಿಯ ಮುಂಜಾನೆ ಅದನ್ನೊತ್ತಿ, ಪೆಟ್ರೋಲು ತುಸು ಉಕ್ಕಿದ ಮೇಲೆ ಒದ್ದರೆ ಗಾಡಿ ಏಳುತ್ತಿತ್ತು. ಅಂದರೆ ಬೇಕೆಂದೇ ಮಾಡುವ ಚಿಕ್ಕ 'ಓವರ್' ಅದು. ಒಂದು ಸಲ ಒತ್ತಿದರೆ ಔಷಧ. ಹತ್ತು ಸಲ ಒತ್ತಿದರೆ ರೋಗ. ಎಂಜಿನಿನ ಅಜೀರ್ಣಕ್ಕೂ ಅದರ ಆರೋಗ್ಯಕ್ಕೂ ನಡುವಿರುವುದು ಕೆಲವು ಹನಿಗಳ ಅಂತರ ಮಾತ್ರ.

ಸ್ಕೂಟರಿನಲ್ಲಿ ಇದು ಒಂದು ಬೆಳಗಿನ ಗೋಳು. ಆದರೆ ಇದೇ ಅಜೀರ್ಣ ಒಂದು ಜಾತಿಯ ಎಂಜಿನಿಗೆ ಜಗತ್ತಿನಾದ್ಯಂತ ಕೆಟ್ಟ ಹೆಸರು ತಂದಿತು. ಅದು ರೋಟರಿ ಎಂಜಿನು, ಎಂದರೆ ಸುತ್ತುವ ಎಂಜಿನು. ಜರ್ಮನಿಯ ಫೆಲಿಕ್ಸ್ ವಾಂಕೆಲ್ (1902–1988) ಎಂಬಾತನ ಕಲ್ಪನೆ ಇದು. ಪಿಸ್ಟನ್ ಮೇಲೆ ಹೋಗಿ ನಿಂತು, ಕೆಳಗೆ ಬಂದು ನಿಂತು, ಮತ್ತೆ ಮೇಲೆ ಹೋಗುವ ಈ ವ್ಯರ್ಥ ತೊಳಲಾಟವೇಕೆ, ಬೀಸುವ ಕಲ್ಲಿನಂತೆ ಒಂದೇ ಸಮನೆ ಸುತ್ತಬಾರದೇ ಎಂದು ಆತ ಯೋಚಿಸಿದ. ಎನ್.ಎಸ್.ಯು. ಎಂಬ ಕಂಪೆನಿಯಲ್ಲಿ 1957ರ ಫೆಬ್ರವರಿ 1ರಂದು ಅಂತಹ ಮೊದಲ ಎಂಜಿನು ತಿರುಗಿತು.

ಅದರ ರಚನೆಯನ್ನು ನಮ್ಮ ಹೊಲದ ಬೆಳೆಯಿಂದಲೇ ತಿಳಿಸಬಹುದು. ಎರಡು ಕಾಳಿನ ಒಂದು ಶೇಂಗಾ ಕಾಯನ್ನು ಉದ್ದಕ್ಕೆ ಸೀಳಿದರೆ ಕಾಣುವ, ನಡುವೆ ತುಸು ಸೊಂಟವುಳ್ಳ ಆಕಾರವನ್ನು ನೆನೆಯಿರಿ. ಎಂಜಿನಿನ ಕೋಣೆ ಹಾಗಿರುತ್ತದೆ. ಅದರೊಳಗೆ ಉಬ್ಬಿದ ಬದಿಗಳ ತ್ರಿಕೋನವೊಂದು ತನ್ನ ಮೂರು ಮೂಲೆಗಳಿಂದಲೂ ಗೋಡೆಯನ್ನು ಸವರುತ್ತ ಸುತ್ತುತ್ತದೆ. ತ್ರಿಕೋನಕ್ಕೂ ಗೋಡೆಗೂ ನಡುವಿನ ಮೂರು ಎಡೆಗಳು ಸುತ್ತುತ್ತ ಸುತ್ತುತ್ತ ಹಿಗ್ಗುತ್ತವೆ, ಕುಗ್ಗುತ್ತವೆ. ಗಾಳಿ–ಪೆಟ್ರೋಲುಗಳನ್ನು ಒಳಗೆಳೆಯುವುದು, ಒತ್ತುವುದು, ಉರಿಸುವುದು, ಹೊಗೆಯನ್ನು ಹೊರದೂಡುವುದು ಎಂಬ ನಾಲ್ಕು ಕೆಲಸಗಳೂ ಈ ಸುತ್ತಾಟದಲ್ಲಿಯೇ ನಡೆದುಹೋಗುತ್ತವೆ. ವಾಲ್ವುಗಳಿಲ್ಲ, ಏರಿಳಿತವಿಲ್ಲ, ಕುಲುಕಾಟವಿಲ್ಲ. ಚಿಕ್ಕ ದೇಹ, ದೊಡ್ಡ ಶಕ್ತಿ. ಕ್ರೀಡಾಕಾರು ಕಟ್ಟುವವರು ಇದಕ್ಕೆ ಮರುಳಾದುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಇದರ ಪ್ರಾಣವೆಲ್ಲ ಆ ಮೂರು ಮೂಲೆಗಳಲ್ಲಿದೆ. ಪ್ರತಿಯೊಂದು ಮೂಲೆಯ ಸೀಳಿನಲ್ಲಿಯೂ ಒಂದು ತೆಳುವಾದ ಪಟ್ಟಿಯನ್ನು ಕೂರಿಸಿರುತ್ತಾರೆ. ಒಂದು ಎಡೆಯ ಒತ್ತಡ ಮತ್ತೊಂದು ಎಡೆಗೆ ಸೋರದಂತೆ ತಡೆಯುವುದು ಈ ಪಟ್ಟಿ ಮತ್ತು ಗೋಡೆಯ ಮೇಲಿನ ಎಣ್ಣೆಯ ತೆಳುಪೊರೆ. ತಣ್ಣಗಿರುವಾಗ ಹೆಚ್ಚಾಗಿ ಸುರಿದ ಪೆಟ್ರೋಲು ಎಣ್ಣೆಯನ್ನು ತೊಳೆದುಬಿಡುತ್ತದೆ. ಜಿಡ್ಡಿನ ಕೈಯನ್ನು ಪೆಟ್ರೋಲಿನಿಂದ ತೊಳೆದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಣ್ಣೆ ಹೋದರೆ ಒತ್ತಡ ಸೋರುತ್ತದೆ. ಒತ್ತಡ ಸೋರಿದರೆ ಬೆಂಕಿ ಹತ್ತುವುದಿಲ್ಲ. ಬೆಂಕಿ ಹತ್ತಲಿಲ್ಲವೆಂದು ಮಾಲೀಕ ಮತ್ತೆ ಕೀಲಿ ತಿರುಗಿಸುತ್ತಾನೆ. ತಿರುಗಿಸಿದಷ್ಟು ಸಲವೂ ಇನ್ನಷ್ಟು ಪೆಟ್ರೋಲು ಒಳಗೆ ಹೋಗಿ ಪ್ಲಗ್ಗುಗಳು ತೋಯುತ್ತವೆ, ಬ್ಯಾಟರಿ ಸೋಲುತ್ತದೆ. ಬ್ಯಾಟರಿ ಸೋತರೆ ಎಂಜಿನು ನಿಧಾನವಾಗಿ ತಿರುಗುತ್ತದೆ. ನಿಧಾನವಾದಂತೆ ಒತ್ತಡ ಇನ್ನೂ ಕುಸಿಯುತ್ತದೆ. ಪ್ರಯತ್ನವೇ ರೋಗವನ್ನು ಬೆಳೆಸುವ ಇಂತಹ ವಿಷಚಕ್ರ ಬೇರೆ ಯಂತ್ರಗಳಲ್ಲಿ ಅಪರೂಪ.

ಪಟ್ಟಿಗಳ ಈ ಸಮಸ್ಯೆ ಹುಟ್ಟಿನಿಂದಲೇ ಬಂದದ್ದು. 1967ರಲ್ಲಿ ಹೊರಬಂದ ಎನ್.ಎಸ್.ಯು. ರೋ 80 ಕಾರು ಮರುವರ್ಷ ಯೂರೋಪಿನ ವರ್ಷದ ಕಾರೆಂಬ ಗೌರವ ಪಡೆಯಿತು. ಆದರೆ ಪಟ್ಟಿಗಳು ಸವೆದು ಎಂಜಿನುಗಳು ಸಾಲುಸಾಲಾಗಿ ಕೆಟ್ಟವು. ರೋ 80ರ ಮಾಲೀಕರು ರಸ್ತೆಯಲ್ಲಿ ಎದುರಾದಾಗ ನಮಸ್ಕಾರದ ಬದಲು, ತಮ್ಮ ಕಾರಿಗೆ ಎಷ್ಟನೆಯ ಎಂಜಿನೆಂಬುದನ್ನು ಬೆರಳೆತ್ತಿ ತೋರಿಸುತ್ತಿದ್ದರೆಂದು ಹಾಸ್ಯವಾಗಿ ಹೇಳುತ್ತಾರೆ. ಅದೇ ವರ್ಷ ಜಪಾನಿನ ಮಾಜ್ದಾ ಕಂಪೆನಿ ಕಾಸ್ಮೋ ಸ್ಪೋರ್ಟ್ ಕಾರನ್ನು ಹೊರತಂದಿತು. ಪಟ್ಟಿಗಳು ಗೋಡೆಯ ಮೇಲೆ ಗೀರುತ್ತಿದ್ದ ಗಾಯಗಳನ್ನು ಅಲ್ಲಿಯ ಎಂಜಿನಿಯರುಗಳು 'ಸೈತಾನನ ಉಗುರು' ಎಂದು ಕರೆಯುತ್ತಿದ್ದರಂತೆ. ಕೆನಿಚಿ ಯಾಮಾಮೊಟೊ ಎಂಬವರ ನೇತೃತ್ವದಲ್ಲಿ 47 ಮಂದಿ ವರ್ಷಗಟ್ಟಲೆ ದುಡಿದು ಆ ಉಗುರನ್ನು ಕತ್ತರಿಸಿದರು. 1991ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯದಲ್ಲಿ ಮಾಜ್ದಾದ 787ಬಿ ಕಾರು ಇದೇ ಜಾತಿಯ ಎಂಜಿನಿನಿಂದ ಇಪ್ಪತ್ನಾಲ್ಕು ಗಂಟೆಗಳಲ್ಲಿ ಸುಮಾರು 4,900 ಕಿಲೋಮೀಟರು ಓಡಿ ಮೊದಲನೆಯದಾಯಿತು.

ಇಲ್ಲಿಯೇ ಇದೆ ನೋಡಿ ಸ್ವಾರಸ್ಯ. ಹಗಲೂ ರಾತ್ರಿಯೂ ಎಡೆಬಿಡದೆ ಓಡಿ ಗೆದ್ದ ಈ ವಂಶದ ಎಂಜಿನು ಅರ್ಧ ನಿಮಿಷ ಓಡಿ ನಿಂತರೆ ಕೆಡುತ್ತಿತ್ತು. 2003ರಿಂದ 2012ರವರೆಗೆ ತಯಾರಾದ ಮಾಜ್ದಾ ಆರ್‌ಎಕ್ಸ್-8 ಕಾರಿನ ಮಾಲೀಕರನ್ನು ಹೆಚ್ಚಾಗಿ ಕಾಡಿದ್ದು ದೂರ ಪ್ರಯಾಣವಲ್ಲ. ಕಾರನ್ನು ಮನೆಯ ಮುಂದಿನಿಂದ ಪಕ್ಕಕ್ಕೆ ಸರಿಸುವ ಕೆಲಸ. ತೊಳೆಯಲೆಂದೋ, ಇನ್ನೊಂದು ಕಾರಿಗೆ ದಾರಿ ಬಿಡಲೆಂದೋ ತಣ್ಣಗಿನ ಕಾರನ್ನು ಶುರು ಮಾಡಿ, ನಾಲ್ಕು ಹೆಜ್ಜೆ ನಡೆಸಿ ಆರಿಸುವರು. ಚಳಿಯೆಂದು ಧಾರಾಳವಾಗಿ ಬಡಿಸಿದ ಪೆಟ್ರೋಲು ಉರಿದು ಮುಗಿಯದೆ ಒಳಗೇ ಉಳಿಯುವುದು. ಮುಂದಿನ ಸಲ ಕೀಲಿ ತಿರುಗಿಸಿದರೆ ಸ್ಟಾರ್ಟರು ನರಳುವುದೇ ಹೊರತು ಎಂಜಿನು ಏಳದು. ತಿಕೋಟಾಕ್ಕೆ ಹೋಗುವ ಹುಡುಗನ ಸ್ಕೂಟರಿಗೂ, ಬಲು ಬೆಲೆಯ ಕ್ರೀಡಾಕಾರಿಗೂ ರೋಗ ಒಂದೇ, ಕಾರಣವೂ ಒಂದೇ: ಉಣ್ಣಲು ಕೂರಿಸಿ ದುಡಿಯಲು ಬಿಡದಿರುವುದು. ಮುಂದೆ ಕಂಪೆನಿ ಹೆಚ್ಚು ವೇಗವಾಗಿ ತಿರುಗಿಸುವ ಸ್ಟಾರ್ಟರನ್ನು ಕೊಟ್ಟಿತು. ಅಮೆರಿಕದಲ್ಲಿ ಎಂಜಿನಿನ ಮುಖ್ಯ ಭಾಗಗಳ ವಾರಂಟಿಯನ್ನು ಎಂಟು ವರ್ಷಕ್ಕೆ ಏರಿಸಿತು. ಆದರೂ ಕೆಟ್ಟ ಹೆಸರು ಪೂರ್ತಿ ಅಳಿಯಲಿಲ್ಲ.

ಈ ಎಂಜಿನಿಗೆ ನಮ್ಮ ಕನ್ನಡ ನೆಲದ ನಂಟೂ ಇದೆಯೆಂದರೆ ವಾಚಕರು ಬೆರಗಾಗಬಹುದು. ಸೇನೆಗಾಗಿ ಸಿದ್ಧವಾದ 'ನಿಶಾಂತ್' ಎಂಬ ಪೈಲಟ್ ಇಲ್ಲದ ಪುಟ್ಟ ವಿಮಾನಕ್ಕೆ ಮೊದಲು ಹೊರದೇಶದ ಎಂಜಿನನ್ನು ಬಳಸುತ್ತಿದ್ದರು. ಅದರ ಸ್ಥಾನಕ್ಕೆ ಸ್ವದೇಶಿ ವಾಂಕೆಲ್ ಎಂಜಿನೊಂದನ್ನು ಬೆಂಗಳೂರಿನ ರಾಷ್ಟ್ರೀಯ ವಾಯುಯಾನ ಪ್ರಯೋಗಾಲಯ ಮತ್ತು ವೈಮಾನಿಕ ಅಭಿವೃದ್ಧಿ ಸಂಸ್ಥೆಗಳು ಅಹಮದನಗರದ ಸೇನಾ ವಾಹನ ಸಂಶೋಧನ ಸಂಸ್ಥೆಯೊಡನೆ ಸೇರಿ ನಿರ್ಮಿಸಿದವು. ತೂಕ ಸುಮಾರು 30 ಕಿಲೋ, ಶಕ್ತಿ 55 ಕುದುರೆಗಳದು. ಪಟ್ಟಿಗಳ ಉಜ್ಜಾಟವನ್ನು ತಾಳಿಕೊಳ್ಳಲೆಂದು ಒಳಗೋಡೆಗೆ ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡಿನ ಲೇಪವನ್ನು ಬೆಂಗಳೂರಿನಲ್ಲಿ ಕೊಟ್ಟರು. ಕಿಡಿ ಹೊತ್ತಿಸುವ, ಇಂಧನ ಬಡಿಸುವ ವ್ಯವಸ್ಥೆಗಳು ಅಹಮದನಗರದಲ್ಲಿ ಸಿದ್ಧವಾದವು. 2009ರ ಏಪ್ರಿಲ್ 5, ಭಾನುವಾರದ ಬೆಳಗಿನಲ್ಲಿ ಕೋಲಾರದ ಬಳಿ, ಎರಡನೆಯ ಮಹಾಯುದ್ಧದ ಕಾಲದ ಪಾಳುಬಿದ್ದ ವಿಮಾನದಾರಿಯಿಂದ ಮೇಲೆದ್ದ ನಿಶಾಂತ್ ಸುಮಾರು 40 ನಿಮಿಷ ಹಾರಿ, ಒಣಗಿದ ಕೆರೆಯಂಗಳದಲ್ಲಿ ಕ್ಷೇಮವಾಗಿ ಇಳಿಯಿತು. ನಾಲ್ಕೂವರೆ ಶತಮಾನಗಳ ಹಿಂದೆ ನಮ್ಮ ಬುರುಜಿನ ತೋಪನ್ನು ಎರಕ ಹೊಯ್ದ ಊರೇ ಈ ಎಂಜಿನಿಗೂ ಕೈಗೂಡಿಸಿತೆಂಬುದು ವಿಜಯಪುರದವರಿಗೆ ಸಂತೋಷದ ಸಂಗತಿ. ಓಣಿಯಲ್ಲಿ ನಿಂತ ಗಾಡಿಯನ್ನು ನೂಕಲು ನಾಲ್ಕು ಜನ ಬರುತ್ತಾರೆ. ಆಕಾಶದಲ್ಲಿ ನಿಂತ ಎಂಜಿನನ್ನು ಒದೆಯಲು ಯಾರೂ ಇಲ್ಲ. ಗಾಳಿ–ಪೆಟ್ರೋಲಿನ ಹದ ಅಲ್ಲಿ ಕೇವಲ ಅನುಕೂಲದ ಪ್ರಶ್ನೆಯಲ್ಲ.

ಇನ್ನು ಚಿಕಿತ್ಸೆಯ ಮಾತು. ಆರ್‌ಎಕ್ಸ್-8ರಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಕೀಲಿ ತಿರುಗಿಸಿದರೆ ಒಳಗಿನ ಗಣಕ ಪೆಟ್ರೋಲನ್ನೇ ನಿಲ್ಲಿಸಿ ಬರಿಯ ಗಾಳಿಯನ್ನು ಬಿಡುತ್ತದೆ. ಹತ್ತು ಸೆಕೆಂಡು ಮೀರದಂತೆ ತಿರುಗಿಸಿ, ಪೆಡಲು ಬಿಟ್ಟು, ಎಂದಿನಂತೆ ಶುರು ಮಾಡಬೇಕು. ಇಂಧನವನ್ನು ಸಿಂಪಡಿಸುವ ಇತರ ಅನೇಕ ಕಾರುಗಳಲ್ಲಿಯೂ ಇದೇ ಏರ್ಪಾಡುಂಟು. ಕಾರ್ಬ್ಯುರೇಟರಿನ ಹಳೆಯ ಕಾರಿನಲ್ಲಿ ಪೆಡಲನ್ನು ಒತ್ತಿ ಹಿಡಿಯಬೇಕೇ ಹೊರತು ಮೇಲಿಂದ ಮೇಲೆ ತುಳಿಯಬಾರದು. ತುಳಿದ ಪ್ರತಿ ಸಲವೂ ಇನ್ನೊಂದು ತುತ್ತು ಪೆಟ್ರೋಲು ಒಳಗೆ ಹೋಗುತ್ತದೆ. ಇಷ್ಟಕ್ಕೂ ಜಗ್ಗದಿದ್ದರೆ ಪ್ಲಗ್ಗುಗಳನ್ನು ಬಿಚ್ಚಿ ಒಣಗಿಸಬೇಕು. ಅದು ಬಲ್ಲ ಮಿಸ್ತ್ರಿಯ ಕೆಲಸ. ಸುತ್ತಮುತ್ತ ಬೀಡಿಯಾಗಲಿ ಒಲೆಯಾಗಲಿ ಇರಕೂಡದು. ರೋಟರಿ ಎಂಜಿನಿಗೆ ಪ್ಲಗ್ಗಿನ ತೂತಿನಿಂದ ತುಸು ಎಣ್ಣೆ ಬಿಟ್ಟರೆ ಕಳೆದುಹೋದ ಒತ್ತಡ ಮರಳುತ್ತದೆ.

ಒಂದು ಎಚ್ಚರವನ್ನು ಮಾತ್ರ ಹೇಳದೆ ಬಿಡುವಂತಿಲ್ಲ. ಅಜೀರ್ಣ ಒಮ್ಮೆ ಆದರೆ ಅದು ಊಟದ ತಪ್ಪು. ಸರಿಯಾಗಿ ನಡೆಸಿಕೊಂಡರೂ ಮೇಲಿಂದ ಮೇಲೆ ಆಗುತ್ತಿದ್ದರೆ ಹೊಟ್ಟೆಯದೇ ದೋಷವಿರಬಹುದು. ಪಟ್ಟಿ ಸವೆದ ಎಂಜಿನು ಸಹಜವಾಗಿಯೇ ಬೇಗ ತೋಯುತ್ತದೆ. ಎರಡನ್ನೂ ಬೇರ್ಪಡಿಸಿ ತಿಳಿಯುವ ಮಾರ್ಗ ಒಂದೇ: ಒತ್ತಡವನ್ನು ಅಳೆಯುವುದು. ಅದೂ ತೋಯ್ದಿರುವಾಗ ಅಲ್ಲ, ಒಣಗಿಸಿ, ಓಡಿಸಿ, ಬಿಸಿ ಮಾಡಿದ ಮೇಲೆ. ರೋಟರಿ ಎಂಜಿನಿನಲ್ಲಿ ತ್ರಿಕೋನದ ಮೂರು ಬದಿಗಳ ಒತ್ತಡವನ್ನೂ ಬೇರೆ ಬೇರೆಯಾಗಿ ತೋರಿಸುವ ಮಾಪಕವೇ ಬೇಕು. ಅಳೆಯದೆ ಬರೆದುಕೊಟ್ಟ ಚೀಟಿಯನ್ನು ನಂಬಿ ಎಂಜಿನು ಬಿಚ್ಚಿಸುವುದು ನಾಡಿ ಹಿಡಿಯದ ವೈದ್ಯನ ಮಾತಿಗೆ ಹೊಟ್ಟೆ ಕೊಯ್ಸಿಕೊಂಡಂತೆ.

2020ರ ಏಪ್ರಿಲಿನಲ್ಲಿ ಬಿ.ಎಸ್. 6 ನಿಯಮ ಜಾರಿಗೆ ಬಂದ ಮೇಲೆ ನಮ್ಮ ಹೊಸ ಮೋಟಾರು ಸೈಕಲ್ಲು, ಸ್ಕೂಟರುಗಳಿಂದ ಕಾರ್ಬ್ಯುರೇಟರು ಬಹುಮಟ್ಟಿಗೆ ಮರೆಯಾಗಿದೆ. ಚಳಿಯನ್ನು ಅಳೆದು ಹನಿ ಎಣಿಸಿ ಬಡಿಸುವ ಗಣಕ ಈಗ ಅಡುಗೆಮನೆಯ ಯಜಮಾನ. ವಿದ್ಯುತ್ ಗಾಡಿಗಳಿಗಂತೂ ಈ ರೋಗದ ಹೆಸರೇ ಗೊತ್ತಿಲ್ಲ. ರೋಟರಿ ಎಂಜಿನು ಸಹ 2023ರಲ್ಲಿ ಮಾಜ್ದಾದ ಎಂಎಕ್ಸ್-30 ಕಾರಿನಲ್ಲಿ ಚಕ್ರ ತಿರುಗಿಸುವ ಹೊಣೆ ಬಿಟ್ಟು, ಬ್ಯಾಟರಿಗೆ ವಿದ್ಯುತ್ತು ತುಂಬುವ ಹಗುರವಾದ ಕೆಲಸಕ್ಕೆ ಮರಳಿ ಬಂದಿದೆ. ಆದರೆ ನಮ್ಮ ಪೇಟೆಗಳಲ್ಲಿ ಇನ್ನೂ ಉಳಿದಿರುವ ಹಳೆಯ ಗಾಡಿಗಳು ಬರಿಯ ಕಬ್ಬಿಣವಲ್ಲ. ಒಂದೊಂದರ ಹಿಂದೆಯೂ ಕಂತು ಕಟ್ಟಿ ಕೊಂಡ ತಂದೆಯೊಬ್ಬನಿದ್ದಾನೆ. ಅದರ ಮೇಲೆ ಕುಳಿತು ದುಡಿಯಲು ಹೋಗುವ ಮಗನೊಬ್ಬನಿದ್ದಾನೆ. ಅಂಥವನ್ನು ಗುಜರಿಗೆ ಹಾಕುವ ಮುನ್ನ ಒಂದು ತಾಸಿನ ಉಪವಾಸವನ್ನಾದರೂ ಮಾಡಿಸಿ ನೋಡುವುದು ನ್ಯಾಯ. ಶುರು ಮಾಡಿದ ಗಾಡಿಯನ್ನು ಬೆಚ್ಚಗಾಗುವವರೆಗೆ ಓಡಗೊಡಿರಿ. ಹತ್ತು ಮಾರು ಸರಿಸುವುದಷ್ಟೇ ಇದ್ದರೆ ಕೈಯಿಂದ ನೂಕಿರಿ. ಎಂಜಿನಿಗೂ ಕ್ಷೇಮ, ನೂಕುವವನ ಅಜೀರ್ಣಕ್ಕೂ ಅದು ಒಳ್ಳೆಯ ಮದ್ದು.